ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರಿಹೋಗುವ ಎದೆಬಡಿತ

ನಮ್ಮ ದೊಡ್ಡಮ್ಮನದು ಎರಡು ವರ್ಷದಿಂದ ಒಂದೇ ದೂರು: "ಒಂದೊಂದ್ಸಲ ಎದೆ ಅಡ್ಡಾದಿಡ್ಡಿ ಹೊಡ್ಕೊಳ್ತದೆ ಕಣೋ." ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ನಿಂತಿರುತ್ತಿತ್ತು. ಇಸಿಜಿ ನಾರ್ಮಲ್. ಗ್ಯಾಸ್ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಮನೆಯಲ್ಲೇ ಕೆಲವರು ನಾಟಕ ಅಂದದ್ದೂ ಉಂಟು.

ಹೋದ ವರ್ಷ ಅವರ ಮಗ ಬೆರಳುದ್ದದ ಒಂದು ಇಸಿಜಿ ಸಾಧನ ತಂದುಕೊಟ್ಟ. ಎರಡೂ ಕೈಯ ಬೆರಳುಗಳನ್ನು ಅದರ ಮೇಲಿಟ್ಟು 30 ಸೆಕೆಂಡ್ ಅಲುಗಾಡದೆ ಕೂತರೆ ಎದೆಬಡಿತದ ಗೆರೆ ಮೊಬೈಲಿನಲ್ಲಿ ಮೂಡುತ್ತದೆ. ಕೈ ನಡುಗಿದರೆ ಗೆರೆ ಕೆಡುತ್ತದೆ. ಕಳೆ ಕಿತ್ತು ಒರಟಾದ, ಒಣಗಿದ ಬೆರಳಾದರೆ ಒಂಚೂರು ನೀರು ಸವರಬೇಕು.

ಒಂದು ರಾತ್ರಿ ಡವಡವ ಶುರುವಾದ ಹೊತ್ತಿಗೇ ದೊಡ್ಡಮ್ಮ ಬೆರಳಿಟ್ಟರು. ಆ ಗೆರೆ ನೋಡಿದ ಹೃದಯದ ಡಾಕ್ಟರು ಇನ್ನಷ್ಟು ಪರೀಕ್ಷೆ ಮಾಡಿಸಿ, ಇದು ಏಟ್ರಿಯಲ್ ಫಿಬ್ರಿಲೇಷನ್ ಎಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಈ ತೊಂದರೆ ಇದ್ದವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ಈಗ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗುತ್ತಾರೆ. ನಾಟಕ ಅಂದವರು ಸುಮ್ಮನಾಗಿದ್ದಾರೆ.

ಆದರೆ ಒಂದು ಮಾತು. ಹಾರ್ಟ್ ಅಟ್ಯಾಕ್ ಈ ಸಾಧನಕ್ಕೆ ಗೊತ್ತಾಗುವುದಿಲ್ಲ. ಎದೆ ಹಿಂಡಿದಂಥ ನೋವು, ತಣ್ಣನೆ ಬೆವರು, ಉಬ್ಬಸ ಬಂದರೆ ಬೆರಳಿಟ್ಟುಕೊಂಡು ಕೂರಬೇಡಿ. ಮೊಬೈಲು ನಾರ್ಮಲ್ ಅಂತ ತೋರಿಸಿದರೂ 108ಕ್ಕೆ ಫೋನ್ ಮಾಡಿ.