ಕದಲದ ನಕ್ಷತ್ರ

"ಕಲಾ ವಿಭಾಗದ ವಿದ್ಯಾರ್ಥಿಗೆ ನಕ್ಷತ್ರಗಳ ಗೊಡವೆ ಏಕೆ?" ಎಂದು ನನ್ನ ಮಿತ್ರರು ಕೇಳುವುದುಂಟು. ಅದಕ್ಕೆ ನನ್ನಲ್ಲಿ ಗಂಭೀರವಾದ ಉತ್ತರವೇನೂ ಇಲ್ಲ. ನಮ್ಮೂರು ಶಹಾಬಾದ. ತಂದೆಯವರು ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವವರು. ಪದರ ಪದರವಾಗಿ ಮಲಗಿದ ಕಲ್ಲಿನ ಅಂಚನ್ನು ನೋಡಿಯೇ ಅದು ಎಲ್ಲಿ ಬಿಡುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಹೇಳಬಲ್ಲರು. ಗೆರೆಗಳನ್ನು ಓದುವ ಚಾಳಿ ನನಗೆ ಅವರಿಂದಲೇ ಬಂದಿರಬೇಕು. ಅವರು ನೆಲದ ಗೆರೆಗಳನ್ನು ಓದುತ್ತಾರೆ; ನಾನು ಮುಗಿಲಿನ ಗೆರೆಗಳನ್ನು ಓದಲು ಹೊರಟೆ.

ನಕ್ಷತ್ರದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದಾಗ ದೊರೆಯುವ ಪಟ್ಟಿಗೆ ರೋಹಿತವೆಂದು ಹೆಸರು. ಅದರ ನಡುನಡುವೆ ಕಪ್ಪು ಗೆರೆಗಳಿರುತ್ತವೆ. ಯಾವ ಗೆರೆ ಎಲ್ಲಿದೆ, ಎಷ್ಟು ದಟ್ಟವಾಗಿದೆ ಎಂಬುದರಿಂದ ಆ ತಾರೆಯ ಹೊರಪದರದಲ್ಲಿ ಯಾವ ಧಾತುವಿದೆ, ಎಷ್ಟು ಕಾವಿದೆ ಎಂಬುದು ತಿಳಿಯುತ್ತದೆ. ಇದಕ್ಕೆ ದೊಡ್ಡ ದೂರದರ್ಶಕವೇ ಬೇಕೆಂದಿಲ್ಲ. ಮಿಲಿಮೀಟರಿಗೆ 500 ಗೆರೆಗಳಿರುವ ಗ್ರೇಟಿಂಗ್ ಹಾಳೆಯ ತುಂಡೊಂದನ್ನು, ಮದುವೆಗಳ ಫೋಟೋ ತೆಗೆಯುವ ನಮ್ಮ ಸೋದರಮಾವನವರ ಕ್ಯಾಮೆರಾದ ಮುಂದೆ ಕಟ್ಟಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ, ಅಷ್ಟೆ. ಭೂಮಿ ತಿರುಗುವುದರಿಂದ ನಕ್ಷತ್ರ ಮೆಲ್ಲನೆ ಸರಿಯುತ್ತದೆ. ಬಣ್ಣಗಳು ಆ ದಾರಿಗೆ ಅಡ್ಡಲಾಗಿ ಹರಡುವಂತೆ ಹಾಳೆಯನ್ನು ತಿರುಗಿಸಿ, ಒಂದು ನಿಮಿಷ ಕ್ಯಾಮೆರಾ ತೆರೆದಿಟ್ಟರೆ, ದಾರದಂಥ ರೋಹಿತವು ರಿಬ್ಬನ್ನಿನಂತೆ ಅಗಲವಾಗಿ ಗೆರೆಗಳು ಕಾಣುತ್ತವೆ.

ಕಳೆದ ವರ್ಷ ಏಪ್ರಿಲಿನ ಒಂದು ರಾತ್ರಿ ನಮ್ಮ ಮಾಳಿಗೆಯ ಮೇಲಿನಿಂದ, ಆಗ್ನೇಯದಲ್ಲಿ ಮೂಡುತ್ತಿದ್ದ ಜ್ಯೇಷ್ಠಾ ನಕ್ಷತ್ರಕ್ಕೆ ಗುರಿಯಿಟ್ಟೆ. ಬಂದ ಚಿತ್ರವನ್ನು ನೋಡಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಪ್ಪು ಗೆರೆಗಳಿರಬೇಕಾದಲ್ಲಿ ಝಗಝಗಿಸುವ ಗೆರೆಗಳು! ತಾರೆಯಲ್ಲಿ ಏನೋ ಮಹಾ ಉತ್ಪಾತವಾಗಿದೆಯೆಂದು ನಿಶ್ಚಯಿಸಿ, ಬೆಳಗಾಗುವುದರೊಳಗೆ ಸೇಡಂ, ಚಿತ್ತಾಪುರಗಳ ಗೆಳೆಯರಿಗೆಲ್ಲ ಕಳಿಸಿಬಿಟ್ಟೆ. ನಮ್ಮ ಅಧ್ಯಾಪಕರೊಬ್ಬರಿಗೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದರು: "ನಕ್ಷತ್ರಗಳೆಲ್ಲ ಸರಿಯುತ್ತವೆ. ನಿನ್ನ ಈ ನಕ್ಷತ್ರ ಏಕಪ್ಪಾ ನಿಂತಲ್ಲೇ ನಿಂತಿದೆ?"

ನೋಡುತ್ತೇನೆ, ಹೌದು! ರೋಹಿತ ರಿಬ್ಬನ್ನಾಗಿರಲಿಲ್ಲ, ದಾರವಾಗಿಯೇ ಇತ್ತು. ನಾನು ಹಿಡಿದದ್ದು ವಾಡಿಯ ಕಡೆಯ ಯಾವುದೋ ಕಂಬದ ಸೋಡಿಯಂ ದೀಪವನ್ನು. ಜ್ಯೇಷ್ಠೆ ಪಾಪ, ದಿಗಂತದ ಧೂಳಿನಲ್ಲಿ ಮುಳುಗಿಯೇ ಹೋಗಿದ್ದಳು. ಗೆಳೆಯರು ನನಗೆ 'ಕಂಬದ ಜ್ಯೋತಿಷಿ' ಎಂದು ಬಿರುದು ಕೊಟ್ಟರು. ಆ ಅವಮಾನದಲ್ಲಿ ಚಿತ್ರವನ್ನು ಅಳಿಸಿಹಾಕಿ, ಮಾವನವರಿಗೆ ಕ್ಯಾಮೆರಾ ಹಿಂತಿರುಗಿಸಲು ಹೊರಟೆ.

ತಂದೆಯವರು ಎಲ್ಲವನ್ನೂ ಕೇಳಿ, ಕಲ್ಲಿನ ಅಳತೆ ಬರೆಯುವ ತಮ್ಮ ಪುಸ್ತಕವನ್ನು ತೆರೆದು ತೋರಿಸಿದರು. ಒಂದು ಅಂಕಿಯ ಮೇಲೆ ಒಂದೇ ಗೀಟು. ತಪ್ಪು ಅಂಕಿ ಇನ್ನೂ ಓದಲು ಬರುತ್ತಿತ್ತು. ಪಕ್ಕದಲ್ಲಿ ಸರಿಯಾದದ್ದು. "ತಪ್ಪು ಅಳತಿ ಅಳಸಬಾರದು ತಮ್ಮಾ, ಬಾಜೂಕ ಖರೇ ಅಳತಿ ಬರೀಬೇಕು. ಅಳಸಿದ ಪುಸ್ತಕ ಯಾರೂ ನಂಬಂಗಿಲ್ಲ" ಎಂದರು.

ತಪ್ಪಿದವನು ನಾನೊಬ್ಬನೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಖಗೋಲಜ್ಞ ವಿಲಿಯಂ ಹರ್ಷೆಲರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ ಕುಳಿತಿದ್ದರು. ಮೋಡಗಳ ಎಡೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಉಜ್ವಲ ಗೆರೆಗಳು ಅವರಿಗೆ ಕಂಡವು. ಆ ಜ್ವಾಲೆಗಳು ಕಾದ ಅನಿಲವೆಂಬುದು ಸಿದ್ಧವಾಯಿತು. ಆದರೆ ಅಂದು ನೋಡಿದವರಲ್ಲಿ ಹಲವರು ಹಳದಿ ಗೆರೆಯನ್ನು ಸೋಡಿಯಂ ಗೆರೆಯೆಂದೇ ಬಗೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್, ಅದು ಸೋಡಿಯಂ ಗೆರೆಗಳ ಪಕ್ಕದ ಬೇರೊಂದು ಗೆರೆಯೆಂದು ಕಂಡುಕೊಂಡರು. ಅದೇ ಹೀಲಿಯಂ, ರ‍್ಯಾಮ್ಸೆ ಅದನ್ನು ಭೂಮಿಯ ಮೇಲೆ ಪಡೆದದ್ದು 1895ರಲ್ಲಿ. ಎಲ್ಲರೂ ಕಂಡದ್ದನ್ನು ಬರೆದು ಪ್ರಕಟಿಸಿದ್ದರಿಂದ ತಾನೆ ತಪ್ಪು ತಿದ್ದಲು ಬಂದದ್ದು?

ಮೇ ತಿಂಗಳಲ್ಲಿ ನಾವು ಮೂವರು ಚಿಂಚೋಳಿಯ ಗೆಳೆಯನ ಹೊಲಕ್ಕೆ ಹೋದೆವು. ಅಲ್ಲಿನ ಕತ್ತಲೆ ನಿಜವಾದ ಕತ್ತಲೆ. ಈಶಾನ್ಯದಲ್ಲಿ ಅಭಿಜಿತ್ ಮೇಲೇರಿದ್ದಳು. ಒಂದು ನಿಮಿಷ ಉಸಿರು ಬಿಗಿಹಿಡಿದು ಕಾದೆವು. ಈ ಸಲ ರಿಬ್ಬನ್ ಬಂತು. ನೀಲಿ-ಹಸಿರಿನಲ್ಲಿ ಒಂದು, ನೇರಳೆಯ ಕಡೆಗೆ ಎರಡು, ಹೈಡ್ರೋಜನ್ನಿನ ಕಪ್ಪು ಗೆರೆಗಳು. ತಡರಾತ್ರಿ ಜ್ಯೇಷ್ಠೆಯೂ ಸಿಕ್ಕಳು. ಅವಳಲ್ಲಿ ಬೇರೆಯೇ ಬರಹ: ಟೈಟಾನಿಯಂ ಆಕ್ಸೈಡಿನ ಅಗಲವಾದ ಪಟ್ಟೆಗಳು, ಮೆಟ್ಟಲುಗಳಂತೆ. ಅಭಿಜಿತ್ತಿನ ಮೇಲ್ಮೈಯ ಕಾವು ಸುಮಾರು 9,600 ಕೆಲ್ವಿನ್. ಜ್ಯೇಷ್ಠೆಯದು ಸುಮಾರು 3,500. ಕಾವು ಕಡಿಮೆಯಾದಲ್ಲಿ ಮಾತ್ರ ಅಣುಗಳು ಒಡೆಯದೆ ಉಳಿಯುತ್ತವೆ. ಕಾವಿಗೂ ಗೆರೆಗಳಿಗೂ ಇರುವ ನಂಟನ್ನು ಸೂತ್ರಕ್ಕೆ ಇಳಿಸಿದವರು, 1920ರಲ್ಲಿ, ನಮ್ಮ ಮೇಘನಾದ ಸಹಾ.

ಈಗ ನಾವೊಂದು ದಫ್ತರ ಇಟ್ಟಿದ್ದೇವೆ. ತಾರೀಖು, ವೇಳೆ, ಊರು, ನಕ್ಷತ್ರ, ಉಪಕರಣ, ಕಡೆಯಲ್ಲಿ ಸಂದೇಹಗಳು. ಫ್ರಾನ್ಸಿನಲ್ಲಿ 'ಬೆಸ್' ಎಂಬ ರೋಹಿತಗಳ ಭಂಡಾರವಿದೆ. ಹವ್ಯಾಸಿಗಳು ಕಳಿಸಿದ್ದನ್ನು ಅಲ್ಲಿ ಪರೀಕ್ಷಿಸಿಯೇ ಸೇರಿಸಿಕೊಳ್ಳುತ್ತಾರೆ. ನಮ್ಮ ಹಾಳೆಯ ತುಂಡಿಗೆ ಅಷ್ಟು ಯೋಗ್ಯತೆಯಿಲ್ಲ. ರೀತಿ ಮಾತ್ರ ಅದೇ. ಸೇಡಂನವನು ಬರೆದದ್ದನ್ನು ಚಿತ್ತಾಪುರದವನು ಪರೀಕ್ಷಿಸುತ್ತಾನೆ.

ನಾನು ಅಳಿಸಿದ್ದ ಆ ಚಿತ್ರವನ್ನು ಸೇಡಂನ ಗೆಳೆಯನಿಂದಲೇ ಮರಳಿ ಪಡೆದೆ. ದಫ್ತರದ ಮೊದಲನೆಯ ಪುಟದಲ್ಲಿ ಅದೇ ಇದೆ. 'ಜ್ಯೇಷ್ಠಾ' ಎಂಬ ಹೆಸರಿನ ಮೇಲೆ ಒಂದು ಗೀಟು. ಬಾಜೂಕ, ಖರೇ ಹೆಸರು.