ದೆವ್ವಗಳ ತೋಟ

ಮಲೆನಾಡಿನವರಿಗೆ ದೆವ್ವಗಳು ಹೊಸತಲ್ಲ. ತೋಟದ ಅಂಚಿನಲ್ಲಿ ಚೌಡಿಯದೊಂದು ಕಲ್ಲು, ವರ್ಷಕ್ಕೊಮ್ಮೆ ಅದಕ್ಕೆ ಹಣ್ಣುಕಾಯಿ, ಕತ್ತಲಾದ ಮೇಲೆ ಹಳ್ಳದ ಕಡೆಗೆ ಹೋಗಬಾರದೆಂಬ ಹಿರಿಯರ ಕಟ್ಟಳೆ, ಇವೆಲ್ಲ ಅಲ್ಲಿನ ಬಾಳಿನೊಡನೆ ಬೆರೆತುಹೋದವುಗಳು. ದೆವ್ವ ಬಂದಿತೆಂದು ಹೆದರಿದವರನ್ನು ಆ ಸೀಮೆ ಬೇಕಾದಷ್ಟು ಕಂಡಿದೆ. ಆದರೆ ದೆವ್ವಗಳು ಬರಲಿಲ್ಲವೆಂದು ಊಟ ಬಿಟ್ಟು ಕುಳಿತವರನ್ನು, ಮೂಡಿಗೆರೆ ಮತ್ತು ಕಳಸಗಳ ನಡುವಿನ ಕಾಫಿಯ ಬೆಟ್ಟಗಳಲ್ಲಿರುವ ಬಾಳೂರು, ಈ ಒಂದು ದಸರೆಯ ರಜೆಯವರೆಗೆ ಕಂಡಿರಲಿಲ್ಲ.

ಹಾಗೆ ಕುಳಿತವಳು ಹದಿಮೂರು ವರ್ಷದ ಹುಡುಗಿ. ಬೆಂಗಳೂರಿನಿಂದ ಅಜ್ಜಯ್ಯನ ಮನೆಗೆ ರಜೆಗೆಂದು ಬಂದವಳು. ಜೊತೆಯಲ್ಲಿ ತಂದದ್ದು ಎರಡು ಜೊತೆ ಬಟ್ಟೆ, ಒಂದು ನೋಟುಪುಸ್ತಕ, ಒಂದು ಲ್ಯಾಪ್‌ಟಾಪು. ಆ ಲ್ಯಾಪ್‌ಟಾಪಿನೊಳಗೆ ಅವಳದೇ ಆದ ಒಂದು ಲೋಕವಿತ್ತು. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬಾತ 2009ರಲ್ಲಿ ಜನರ ಮುಂದಿಟ್ಟು, 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಮೈನ್‌ಕ್ರಾಫ್ಟ್ ಎಂಬ ಆಟದ ಲೋಕ ಅದು. 2023ರ ಹೊತ್ತಿಗೆ ಅದರ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವೆಂದರೆ ಅದರ ಮೋಡಿ ಎಂತಹದೆಂಬುದನ್ನು ಊಹಿಸಬಹುದು. ಅಲ್ಲಿ ನೆಲ, ನೀರು, ಮರ, ಬೆಟ್ಟ ಎಲ್ಲವೂ ಚೌಕದ ತುಂಡುಗಳು. ಅಗೆಯಬಹುದು, ಕಟ್ಟಬಹುದು, ಬೆಳೆಯಬಹುದು. ಕತ್ತಲಾದೊಡನೆ ಝಾಂಬಿಗಳು, ಬಿಲ್ಲು ಹಿಡಿದ ಅಸ್ಥಿಪಂಜರಗಳು, ಸದ್ದಿಲ್ಲದೆ ಬಂದು ಸಿಡಿಯುವ ಕ್ರೀಪರುಗಳು ಹುಟ್ಟಿಕೊಳ್ಳುತ್ತವೆ. ಆ ಪ್ರಾಣಿಗಳನ್ನು ಒಂದೆಡೆ ಹುಟ್ಟಿಸಿ, ಬೀಳಿಸಿ, ಅವುಗಳ ಎಲುಬು, ನೂಲು, ಮದ್ದಿನ ಪುಡಿಗಳನ್ನು ಕೂಡಿಡುವ ಕಟ್ಟಡಕ್ಕೆ ಆಟಗಾರರು 'ಫಾರಂ' ಎನ್ನುತ್ತಾರೆ. ಹುಡುಗಿ ಕಟ್ಟಿದ್ದು ಅಂತಹದೊಂದನ್ನು.

"ಅಂದರೆ ತೋಟವೇ ಅನ್ನು" ಎಂದರು ಅಜ್ಜಯ್ಯ, ಕಂಬಳಿಯನ್ನು ಹೆಗಲಿಗೆ ಎಳೆದುಕೊಳ್ಳುತ್ತ. "ನಾವು ಕಾಫಿ ಬೆಳೆಯುತ್ತೇವೆ. ನೀನು ದೆವ್ವ ಬೆಳೆಯುತ್ತೀಯ."

"ಬೆಳೆಯುವುದೆಲ್ಲಿ ಬಂತು ಅಜ್ಜಯ್ಯ? ಹತ್ತು ದಿನ ಕಷ್ಟಪಟ್ಟು ಕಟ್ಟಿದ್ದೇನೆ. ಒಂದೂ ಬಂದಿಲ್ಲ."

ಬೆಂಗಳೂರಿನಲ್ಲಾಗಿದ್ದರೆ ಅವಳು ಇಂಟರ್‌ನೆಟ್ಟಿನಲ್ಲಿ ಉತ್ತರ ಹುಡುಕುತ್ತಿದ್ದಳು. ಬಾಳೂರಿನ ಆ ಮನೆಯಲ್ಲಿ ಮೊಬೈಲಿಗೆ ನೆಟ್‌ವರ್ಕು ಸಿಗಬೇಕಾದರೆ ಕಣದ ಹಿಂದಿನ ದಿಬ್ಬವನ್ನು ಏರಬೇಕು. ವಿದ್ಯುತ್ತಂತೂ ತನಗೆ ಮನಸ್ಸು ಬಂದಾಗ ಬರುವ ನೆಂಟ. ಹೀಗಾಗಿ ಅವಳ ಸಂಕಟವನ್ನು ಕೇಳಲು ಅಜ್ಜಯ್ಯನೊಬ್ಬರೇ ಉಳಿದರು. ಅವರಿಗೆ ಆಟ ತಿಳಿಯದು. ಆದರೆ ಐವತ್ತು ವರ್ಷ ತೋಟ ಮಾಡಿದವರಿಗೆ ಬೆಳೆ ಬಾರದಿದ್ದರೆ ಕಾರಣವನ್ನು ಹುಡುಕುವ ಕ್ರಮ ತಿಳಿದಿತ್ತು.

"ಒಂದೊಂದಾಗಿ ಹೇಳು. ಬಿತ್ತನೆಯೇ ಇಲ್ಲದ ಹೊಲದಲ್ಲಿ ಫಸಲು ನೋಡುತ್ತಿಲ್ಲ ತಾನೇ?"

ಆ ಮಾತು ಹಾಸ್ಯದ್ದಾದರೂ ಪ್ರಶ್ನೆ ಸರಿಯಾದುದೇ ಆಗಿತ್ತು. ಆಟದಲ್ಲಿ 'ಶಾಂತ' ಎಂಬ ಮಟ್ಟವೊಂದಿದೆ. ಅದನ್ನು ಆರಿಸಿಕೊಂಡರೆ ಎಂತಹ ಕತ್ತಲಿದ್ದರೂ ದೆವ್ವ ಹುಟ್ಟುವುದಿಲ್ಲ. ಹುಡುಗಿ ನೋಡಿದಳು. ಆಟ 'ಸುಲಭ' ಎಂಬ ಮಟ್ಟದಲ್ಲಿತ್ತು. ತೊಂದರೆ ಅಲ್ಲಿರಲಿಲ್ಲ.

ಎರಡನೆಯದು ಬೆಳಕು. ನೋಟುಪುಸ್ತಕದಲ್ಲಿ ಅವಳು ಹಳೆಯ ಪುಸ್ತಕವೊಂದರಿಂದ ಬರೆದುಕೊಂಡಿದ್ದ ನಿಯಮದಂತೆ, ಬೆಳಕಿನ ಅಂಕಿ 7ಕ್ಕೆ ಇಳಿದರೆ ಸಾಕು, ದೆವ್ವಗಳು ಹುಟ್ಟುತ್ತವೆ. ಪಂಜೊಂದು ತಾನಿರುವಲ್ಲಿ 14ರಷ್ಟು ಬೆಳಕು ಕೊಡುತ್ತದೆ. ಮುಂದಿನ ಪ್ರತಿಯೊಂದು ಚೌಕಕ್ಕೂ ಅದು ಒಂದೊಂದು ಅಂಕಿ ಕುಗ್ಗುತ್ತದೆ. ಬಾಗಿಲ ಹೊರಗೆ ಅವಳೊಂದು ಪಂಜನ್ನು ಇಟ್ಟಿದ್ದಳು. ಗೋಡೆಯಲ್ಲಿ ಒಂದು ಚೌಕ ಬಿಟ್ಟುಹೋಗಿ, ಅದರ ಬೆಳಕು ಕೋಣೆಯೊಳಕ್ಕೆ 4ರಷ್ಟು ಸೋರುತ್ತಿತ್ತು. ನಾಲ್ಕು ಏಳಕ್ಕಿಂತ ಕಡಿಮೆಯಲ್ಲವೇ ಎಂದು ಅವಳು ಸುಮ್ಮನಿದ್ದಳು. ಮರುದಿನ ದಿಬ್ಬ ಹತ್ತಿ ಬೆಂಗಳೂರಿನ ಅಣ್ಣನಿಗೆ ಫೋನು ಮಾಡಿದಾಗ ವಿಷಯ ತಿಳಿಯಿತು. 2021ರ ನವೆಂಬರಿನಲ್ಲಿ ಬಂದ ಆವೃತ್ತಿಯಿಂದ ಕಟ್ಟಳೆ ಬದಲಾಗಿದೆ. ಪಂಜಿನ ಬೆಳಕು ಪೂರ್ತಿ ಸೊನ್ನೆಯಾಗಿರಬೇಕು. ಎಳ್ಳಷ್ಟು ಬೆಳಕಿದ್ದರೂ ದೆವ್ವ ಹುಟ್ಟದು.

"ಹಳೆಯ ಪುಸ್ತಕವನ್ನು ನಂಬಿ ಹೊಸ ತೋಟ ಮಾಡಬಾರದು" ಎಂದು ಅಜ್ಜಯ್ಯ ನಕ್ಕರು. ಗೋಡೆಯ ಕಿಂಡಿ ಮುಚ್ಚಿತು. ದೆವ್ವಗಳು ಬರಲಿಲ್ಲ.

ಮೂರನೆಯದು ದೂರ. ಆಟಗಾರನ ಸುತ್ತ 24 ಚೌಕಗಳೊಳಗೆ ದೆವ್ವ ಹುಟ್ಟುವುದಿಲ್ಲ. 128 ಚೌಕಗಳಿಂದಾಚೆ ಇದ್ದುದೂ ಕ್ಷಣದಲ್ಲಿ ಮಾಯವಾಗುತ್ತದೆ. ಅವಳ ಕಟ್ಟಡ ನೆಲದ ಮೇಲೆ. ಅದರ ಕೆಳಗೆ 22 ಚೌಕ ಆಳದ ಬಾವಿ. ಅಷ್ಟೆತ್ತರದಿಂದ ಬಿದ್ದ ಝಾಂಬಿಗೆ ಉಳಿಯುವುದು ಗುಟುಕು ಜೀವ ಮಾತ್ರ. ಒಂದೇ ಏಟಿಗೆ ಸಾಯುತ್ತದೆ. ಲೆಕ್ಕವೇನೋ ಸೊಗಸಾಗಿತ್ತು. ಆದರೆ ಅವಳು ಬಾವಿಯ ತಳದಲ್ಲಿಯೇ ಕಾದು ನಿಂತಿದ್ದುದರಿಂದ, ಮೇಲಿನ ಕೋಣೆಯ ಬಹುಭಾಗ ಅವಳ 24 ಚೌಕಗಳೊಳಗೇ ಬಿದ್ದಿತ್ತು. ಬರಬೇಕಾದವರನ್ನು ಅವಳ ಕಾಯುವಿಕೆಯೇ ತಡೆಯುತ್ತಿತ್ತು.

"ಹಾಲು ಉಕ್ಕಲೆಂದು ಒಲೆಯ ಮುಂದೆ ಕುಳಿತರೆ ಉಕ್ಕುವುದಿಲ್ಲ. ಎದ್ದು ಹೋದರೆ ಉಕ್ಕುತ್ತದೆ. ನಿನ್ನಜ್ಜಿ ಹೇಳುತ್ತಿದ್ದಳು" ಎಂದ ಅಜ್ಜಯ್ಯ ಅಲ್ಲಿಗೇ ಮಾತು ನಿಲ್ಲಿಸಿ, ಎದ್ದು ಅಂಗಳಕ್ಕೆ ಹೋದರು. ಅಜ್ಜಿ ತೀರಿಕೊಂಡು ಆಗ ಮೂರು ವರ್ಷ ಕಳೆದಿತ್ತು.

ಹುಡುಗಿ ಬಾವಿಯ ಪಕ್ಕದಲ್ಲಿ ಸುರಂಗ ತೋಡಿ ಸುಮಾರು 30 ಚೌಕ ದೂರಕ್ಕೆ ಸರಿದು ನಿಂತಳು. ಈ ಬಾರಿ ಒಂದು ಅಸ್ಥಿಪಂಜರ ಬಂದು ಬಿದ್ದಿತು. ಮನೆಯವರೆಲ್ಲ ಕೇಳುವಂತೆ ಕೂಗಿದಳು. ಆಟದ ಲೋಕದಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಸೇರಿದರೆ ನಮ್ಮ ಇಪ್ಪತ್ತು ನಿಮಿಷ. ಅಂತಹ ಮೂರು ದಿನಗಳು ಕಳೆದರೂ ಎರಡನೆಯದು ಬರಲಿಲ್ಲ.

ಆ ಸಂಜೆ ಕಡುಬು ಮುಗಿಸಿ ಜಗಲಿಯಲ್ಲಿ ಕುಳಿತಾಗ ಅಜ್ಜಯ್ಯ ಕೇಳಿದರು: "ಆ ಲೋಕದಲ್ಲಿ ಒಟ್ಟು ದೆವ್ವಗಳು ಎಷ್ಟಿರಬಹುದು? ಎಣಿಸಲು ದಾರಿ ಇದೆಯೇ?"

ದಾರಿ ಇತ್ತು. ಎಫ್3 ಎಂಬ ಗುಂಡಿಯನ್ನೊತ್ತಿದರೆ ಪರದೆಯ ತುಂಬ ಅಂಕಿಗಳು ಮೂಡುತ್ತವೆ. ಅವುಗಳ ನಡುವೆ 'ಎಂ' ಎಂಬ ಅಕ್ಷರದ ಮುಂದೆ, ಸುತ್ತಲಿನ ದೆವ್ವಗಳ ಸಂಖ್ಯೆ ಇರುತ್ತದೆ. ಹುಡುಗಿ ಒತ್ತಿದಳು. ಅಲ್ಲಿ 70 ಎಂದಿತ್ತು. ಒಬ್ಬನೇ ಆಡುವವನ ಸುತ್ತ ಸರಿಸುಮಾರು 70 ದೆವ್ವಗಳಾದ ಮೇಲೆ ಆಟ ಹೊಸದಾಗಿ ಒಂದನ್ನೂ ಹುಟ್ಟಿಸುವುದಿಲ್ಲ. ಅದು ಅಲ್ಲಿನ ಮಿತಿ.

"ಎಪ್ಪತ್ತೂ ಇವೆ! ಆದರೆ ನನ್ನ ಕೋಣೆಯಲ್ಲಿ ಒಂದೂ ಇಲ್ಲ."

"ಹಾಗಾದರೆ ಬೆಳೆ ಬಂದಿದೆ. ನಿನ್ನ ಬೇಲಿಯೊಳಗೆ ಬಂದಿಲ್ಲ, ಅಷ್ಟೆ. ನೀನು ಕಾಲಿಡದ ಕಡೆ ಎಲ್ಲಿದೆ, ಅಲ್ಲಿ ನೋಡು."

ಅವಳು ಕಾಲಿಡದ ಕಡೆ ನೆಲದ ಅಡಿಯಲ್ಲಿತ್ತು. ಕಟ್ಟಡದ ಕೆಳಗೂ ಸುತ್ತಲೂ ಗವಿಗಳು ಹರಡಿಕೊಂಡಿದ್ದವು. ಕಗ್ಗತ್ತಲೆಯ ಗವಿಗಳು. ಕಟ್ಟುವಾಗ ಅವುಗಳಲ್ಲೊಂದರ ಬಾಯಿ ಅವಳಿಗೆ ಕಂಡಿತ್ತು. ಹೆದರಿ ಎರಡು ಕಲ್ಲಿಟ್ಟು ಮುಚ್ಚಿ ಮರೆತುಬಿಟ್ಟಿದ್ದಳು. ಎಪ್ಪತ್ತು ದೆವ್ವಗಳೂ ಆ ಮರೆತ ಕತ್ತಲಲ್ಲಿ ನಿಂತು ಲೆಕ್ಕವನ್ನು ತುಂಬಿಸಿದ್ದವು. ಅವುಗಳಲ್ಲಿ ಒಂದು ಮಾಯವಾದರೆ ಇನ್ನೊಂದು ಅಲ್ಲಿಯೇ ಹುಟ್ಟುತ್ತಿತ್ತು. ಕೋಣೆಯ ಪಾಲಿಗೆ ಉಳಿಯುತ್ತಿದ್ದುದು ಎಂದೋ ಒಮ್ಮೆ ಒಂದು.

ಇದಕ್ಕೆ ಪರಿಹಾರ ಒಂದೇ. ಗವಿಗಿಳಿದು ಮೂಲೆ ಮೂಲೆಗೆ ಪಂಜನ್ನು ನೆಡಬೇಕು. ಮೂರು ಸಂಜೆ ಅವಳು ಅದನ್ನೇ ಮಾಡಿದಳು. ಒಂದು ಇದ್ದಲು, ಒಂದು ಕಡ್ಡಿ ಸೇರಿದರೆ ನಾಲ್ಕು ಪಂಜು. ಎರಡು ಬಾರಿ ಸತ್ತು, ಸಾಮಾನು ಕಳೆದುಕೊಂಡು, ಮತ್ತೆ ಇಳಿದಳು. ಅಜ್ಜಯ್ಯ ಪಕ್ಕದಲ್ಲಿ ಕುಳಿತು, "ಬಲಗಡೆ ಒಂದು ಕೊರಕಲು ಬಿಟ್ಟೆ ನೋಡು" ಎಂದು ಎಚ್ಚರಿಸುತ್ತಿದ್ದರು. ಮೂರನೆಯ ಸಂಜೆ ಅಂಕಿ ಇಳಿಯತೊಡಗಿತು. ಐವತ್ತಾಯಿತು, ಇಪ್ಪತ್ತಾಯಿತು. ಆಟದ ಸೂರ್ಯ ಮೇಲೇರಿ ಹೊರಗಿನ ನೆಲವೂ ಬೆಳಗಿದಾಗ, ಇಡೀ ಲೋಕದಲ್ಲಿ ಕತ್ತಲು ಉಳಿದದ್ದು ಅವಳ ಕೋಣೆಯೊಂದರಲ್ಲಿ. ಬಾವಿಯೊಳಗೆ ಧೊಪ್ಪೆಂದು ಒಂದು ಬಿದ್ದಿತು. ಹಿಂದೆಯೇ ಇನ್ನೊಂದು, ಮತ್ತೊಂದು.

ಹುಡುಗಿಗೆ ಆ ರಾತ್ರಿ ಸಂತೋಷದಿಂದ ನಿದ್ದೆ ಬರಲಿಲ್ಲ. ಅಜ್ಜಯ್ಯನಿಗೂ ನಿದ್ದೆ ಬರಲಿಲ್ಲ. ಆದರೆ ಕಾರಣ ಬೇರೆ.

ಅವರ ಅರೇಬಿಕಾ ತೋಟಕ್ಕೆ ಮೂರು ವರ್ಷಗಳಿಂದ ಬೋರರ್ ಹುಳುವಿನ ಕಾಟ. ಬಿಳಿ ಕಾಂಡಕೊರಕವೆಂದು ಪುಸ್ತಕದಲ್ಲಿ ಅದಕ್ಕೆ ಹೆಸರು. ಈ ಕೀಟ ಏಪ್ರಿಲ್, ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ಹಾರಾಡಿ, ಗಿಡದ ತೊಗಟೆಯ ಸೀಳುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ಕಾಂಡದೊಳಕ್ಕೆ ಇಳಿದು ತಿಂಗಳುಗಟ್ಟಲೆ ಕೊರೆಯುತ್ತದೆ. ಮೇಲೆ ಕಾಣುವುದು ಹಳದಿಗೆ ತಿರುಗಿ ಜೋತ ಎಲೆ, ಕಾಂಡದ ಮೇಲೊಂದು ಉಬ್ಬುಗೆರೆ, ಅಷ್ಟೆ. ಅದು ಕತ್ತಲಿನ ಪ್ರಾಣಿಯಲ್ಲ. ಮೇಲುನೆರಳು ತೆಳುವಾಗಿ ಬಿಸಿಲು ನೇರವಾಗಿ ಬೀಳುವ ಕಾಂಡವೆಂದರೆ ಅದಕ್ಕೆ ಪ್ರೀತಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರದವರು ಬೆಳೆಗಾರರಿಗೆ ಹೇಳುತ್ತ ಬಂದಿರುವುದೂ ಇದನ್ನೇ: ನೆರಳನ್ನು ಕಾಪಾಡಿ, ಹುಳು ಹೊಕ್ಕ ಗಿಡವನ್ನು ಗುರುತಿಸಿ, ಕಿತ್ತು ಸುಡಿ. ಅಜ್ಜಯ್ಯ ಎಲ್ಲವನ್ನೂ ಮಾಡಿದ್ದರು. ಮರಗಸಿಯನ್ನು ಹದವಾಗಿ ಮಾಡಿಸಿದ್ದರು. ತೊಗಟೆ ಉಜ್ಜಿಸಿ ಸುಣ್ಣ ಹೊಡೆಸಿದ್ದರು. ಕೆಟ್ಟ ಗಿಡಗಳನ್ನು ಕೀಳಿಸಿದ್ದರು. ಆದರೂ ಪ್ರತಿವರ್ಷ ಹುಳು ಎಲ್ಲಿಂದಲೋ ಬರುತ್ತಿತ್ತು. ಅರೇಬಿಕಾ ಕಿತ್ತು ರೋಬಸ್ಟಾ ಹಾಕಿಬಿಡಿ ಎಂದು ನೆರೆಯವರು. ತೋಟವನ್ನೇ ಕೊಟ್ಟು ಬೆಂಗಳೂರಿಗೆ ಬನ್ನಿ ಎಂದು ಮಗ. ಆ ದಸರೆಯಲ್ಲಿ ಅಜ್ಜಯ್ಯ ಮಗನ ಮಾತಿಗೆ ಅರ್ಧ ಒಪ್ಪಿದ್ದರು.

ಬೆಳಿಗ್ಗೆ ಕಾಫಿ ಕುಡಿಯುವಾಗ ಹುಡುಗಿ ಸಹಜವಾಗಿ ಕೇಳಿದಳು: "ಅಜ್ಜಯ್ಯ, ನಿಮ್ಮ ಹುಳುವಿನ ಲೆಕ್ಕವನ್ನೂ ಹೀಗೆ ಹುಡುಕಬಹುದಲ್ಲ? ನೀವು ಕಾಲಿಡದ ಕಡೆ ಯಾವುದು?"

ಅಂಗಳದಲ್ಲಿ ನಿಂತಿದ್ದ ಮೇಸ್ತ್ರಿ ತಲೆ ತಗ್ಗಿಸಿದ. ಅಜ್ಜಯ್ಯ ಲೋಟವನ್ನು ಕೆಳಗಿಟ್ಟರು.

ಅವರು ಕಾಲಿಡದ ಕಡೆಯೊಂದಿತ್ತು. ಕೆರೆಯ ದಂಡೆಯ ತುಂಡು ತೋಟ. ಮದುವೆಯಾಗಿ ಬಂದ ವರ್ಷ ಅಜ್ಜಿ ತನ್ನ ಕೈಯಾರೆ ಗಿಡ ನೆಟ್ಟ ಜಾಗವದು. ಆಕೆಯ ಕಾಯಿಲೆಯ ಖರ್ಚಿಗೆಂದು ಅಲ್ಲಿನ ಸಿಲ್ವರ್ ಓಕ್ ಮರಗಳನ್ನೆಲ್ಲ ಕಡಿದು ಮಾರಿದ್ದಾಯಿತು. ಮರಗಳೂ ಹೋದವು, ಆಕೆಯೂ ಹೋದಳು. ಅಂದಿನಿಂದ ಅಜ್ಜಯ್ಯ ಆ ಕಡೆಗೆ ತಿರುಗಲಿಲ್ಲ. ಅಲ್ಲಿನ ಗಿಡ ಮುಟ್ಟಬೇಡವೆಂದು ಮೇಸ್ತ್ರಿಗೂ ಹೇಳಿದ್ದರು. ಉಳಿದ ತೋಟವನ್ನೆಲ್ಲ ಗಿಡಗಿಡವಾಗಿ ನೋಡುತ್ತಿದ್ದವರು ಇದೊಂದರ ಬಾಯಿಗೆ ಮಾತ್ರ ಕಲ್ಲಿಟ್ಟು ಮುಚ್ಚಿದ್ದರು.

ಮೂವರೂ ಹೋದರು. ಕೆರೆಯ ದಂಡೆಯಲ್ಲಿ ಬಿಸಿಲು ಬೋಳು ನೆಲದ ಮೇಲೆ ಬೀಳುವಂತೆ ಬೀಳುತ್ತಿತ್ತು. ಅಜ್ಜಯ್ಯ ಮೊದಲನೆಯ ಗಿಡದ ಬುಡದಲ್ಲಿ ಕುಳಿತು ಕಾಂಡದ ಮೇಲೆ ಬೆರಳಾಡಿಸಿದರು. ಉಬ್ಬುಗೆರೆ ಬೆರಳಿಗೆ ಸಿಕ್ಕಿತು. ಎರಡನೆಯದರಲ್ಲೂ ಸಿಕ್ಕಿತು. ಕೆಲವು ಕಾಂಡಗಳಲ್ಲಿ ಹುಳು ಹೊರಟುಹೋದ ದುಂಡು ತೂತುಗಳೇ ಇದ್ದವು.

"ಹೇಳಬೇಕೆಂದಿದ್ದೆ ಅಯ್ಯಾ. ಬಾಯಿ ಬರಲಿಲ್ಲ" ಎಂದ ಮೇಸ್ತ್ರಿ.

"ನನಗೆ ಗೊತ್ತಿರಲಿಲ್ಲ ಎಂದುಕೊಂಡೆಯಾ?" ಎಂದರು ಅಜ್ಜಯ್ಯ.

ಹುಡುಗಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಟದಲ್ಲಿ ಗವಿಗೆ ಪಂಜು ನೆಟ್ಟರೆ ಮುಗಿಯಿತು, ನೆಡುವವರಿಗೆ ನೋವಿಲ್ಲ. ಇಲ್ಲಿ ಬೇಕಾದದ್ದು ಬೆಳಕಲ್ಲ, ನೆರಳು. ಅದು ಒಂದು ಸಂಜೆಗೆ ಬೆಳೆಯುವಂತಹದಲ್ಲ. ಅದಕ್ಕೂ ಮೊದಲು ಅಜ್ಜಿಯ ಗಿಡಗಳನ್ನು ಕೀಳಬೇಕಾಗಿತ್ತು. ಅವಳು ಅಜ್ಜಯ್ಯನ ಪಕ್ಕದಲ್ಲಿ ಕುಳಿತು ತಾನೂ ಒಂದು ಕಾಂಡವನ್ನು ಸವರಿ ನೋಡಿದಳು. ಉಬ್ಬು ಹೇಗಿರುತ್ತದೆಂದು ಅವರು ಅವಳ ಬೆರಳು ಹಿಡಿದು ತೋರಿಸಿಕೊಟ್ಟರು. ಮಧ್ಯಾಹ್ನದವರೆಗೆ ಇಬ್ಬರೂ ಸಾಲು ಸಾಲಾಗಿ ನೋಡುತ್ತ ಹೋದರು. ಕೆಟ್ಟ ಗಿಡಗಳಿಗೆ ಮೇಸ್ತ್ರಿ ಸುಣ್ಣದ ಗುರುತು ಹಾಕಿದ. ನೀರಿನಂಚಿನಲ್ಲಿ, ಹಳೆಯ ಅತ್ತಿಮರದ ನೆರಳಿದ್ದ ಕಡೆಯ ಹನ್ನೊಂದು ಗಿಡಗಳಲ್ಲಿ ಉಬ್ಬುಗೆರೆ ಇರಲಿಲ್ಲ. ಅವಕ್ಕೆ ಗುರುತು ಬೀಳಲಿಲ್ಲ.

ಎರಡು ದಿನ ಆಳುಗಳು ಗಿಡ ಕಿತ್ತರು. ಸುಡುವಾಗ ಅಜ್ಜಯ್ಯ ತಾವೇ ನಿಂತು ಬೆಂಕಿ ಕೊಟ್ಟರು. ಹಾರಾಟದ ಕಾಲ ಆಗಲೇ ಆರಂಭವಾಗಿದ್ದರೂ, ಕಾಂಡದೊಳಗೆ ಉಳಿದಿದ್ದ ಮರಿಗಳಷ್ಟಾದರೂ ಮುಂದಿನ ಬೇಸಿಗೆಗೆ ಹೊರಬರಲಾರವು. ಬರುವ ಮುಂಗಾರಿಗೆ ಆ ಜಾಗಕ್ಕೆ ಹಾಲವಾಣದ ಗೂಟಗಳನ್ನು ನೆಡಬೇಕೆಂದು ಮೇಸ್ತ್ರಿಗೆ ಅಪ್ಪಣೆಯಾಯಿತು. ಆ ರಾತ್ರಿ ಮಗನ ಫೋನಿಗೆಂದು ಅಜ್ಜಯ್ಯ ಟಾರ್ಚು ಹಿಡಿದು ದಿಬ್ಬವೇರಿದರು. "ತೋಟದ ಮಾತು ಈಗ ಬೇಡ. ಹಾಲವಾಣ ಮೇಲೆದ್ದು ನೆರಳು ಕೊಡಲಿ, ಆಮೇಲೆ ನೋಡೋಣ" ಎಂದಷ್ಟೇ ಹೇಳಿ ಇಳಿದುಬಂದರು.

ರಜೆ ಮುಗಿಯಿತು. ಹೊರಡುವ ದಿನ ಹುಡುಗಿ ಕೆರೆಯ ದಂಡೆಗೆ ಹೋಗಿ ಹನ್ನೊಂದು ಗಿಡಗಳನ್ನೂ ಮತ್ತೊಮ್ಮೆ ಸವರಿ ನೋಡಿ ಬಂದಳು. ಈಗ ಭಾನುವಾರ ಸಂಜೆ ಅಜ್ಜಯ್ಯ ತಪ್ಪದೆ ದಿಬ್ಬ ಹತ್ತುತ್ತಾರೆ. "ನಿನ್ನ ದೆವ್ವಗಳು ಬರುತ್ತಿವೆಯೇ?" ಎಂದು ಅವರು ಕೇಳುತ್ತಾರೆ. "ಬರುತ್ತಿವೆ ಅಜ್ಜಯ್ಯ. ನಿಮ್ಮವು?" ಎಂದು ಅವಳು ಕೇಳುತ್ತಾಳೆ.

"ಈ ವಾರ ಸಿಕ್ಕಿಲ್ಲ. ಆದರೂ ನೋಡುತ್ತಿದ್ದೇನೆ."