ವಾಲ್ಟೇರ್ ದಿಬ್ಬದ ಮೇಲೆ ಪುಂಡಿ ಹೂವು

ವಿಶಾಖಪಟ್ಟಣದ ರೈಲು ನಿಲ್ದಾಣಕ್ಕೆ ಹಿಂದೆ ವಾಲ್ಟೇರ್ ಎಂದೇ ಹೆಸರು. ಪೇಟೆಯ ಗದ್ದಲ ದಾಟಿ ದಿಬ್ಬವೇರಿದರೆ ಆಂಧ್ರ ವಿಶ್ವವಿದ್ಯಾಲಯ. ಅದರಾಚೆ ಬಂಗಾಳ ಕೊಲ್ಲಿ. 1926ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಕುಲಪತಿ ಸಿ.ಆರ್. ರೆಡ್ಡಿ, ನಂತರದವರು ಎಸ್. ರಾಧಾಕೃಷ್ಣನ್. ಇಬ್ಬರೂ ಅದಕ್ಕೂ ಮುನ್ನ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರೇ.

ಪ್ರವಾಸಿಗರು ಕಡಲತೀರ, ಕೈಲಾಸಗಿರಿ ನೋಡಿ ರೈಲು ಹತ್ತುತ್ತಾರೆ. ರಸಾಯನಶಾಸ್ತ್ರ ಓದುವ ಮಕ್ಕಳಿದ್ದರೆ ಈ ದಿಬ್ಬವನ್ನೂ ತೋರಿಸಬೇಕು. 1930ರ ದಶಕದಲ್ಲಿ ಇಲ್ಲಿಗೆ ಬಂದ ಟಿ.ಆರ್. ಶೇಷಾದ್ರಿ ಅವರು ಹತ್ತಿ, ಗೋಂಗೂರಗಳ ಹೂವಿನಲ್ಲಿ ವಿಜ್ಞಾನ ಕಂಡರು. ಗೋಂಗೂರವೆಂದರೆ ನಮ್ಮ ಪುಂಡಿ. ಸೊಪ್ಪು ಪಲ್ಯಕ್ಕಾದರೆ, ತಿಳಿಹಳದಿ ಹೂದಳ ಪ್ರಯೋಗಾಲಯಕ್ಕೆ! ಆ ಹಳದಿ ಫ್ಲೇವನಾಯ್ಡ್‌ಗಳದ್ದು. ಔಷಧಿ ಗಿಡಗಳ ಎಲೆಗಳಲ್ಲೂ ಇವು ಹೇರಳ.

ಒಣಗಿದ ದಳಗಳನ್ನು ಬಿಸಿ ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆಯಬೇಕು, ಅದನ್ನು ಗಟ್ಟಿ ಮಾಡಬೇಕು, ಮೇಣ-ಜಿಡ್ಡು ಕಳೆದು ಹರಳು ಕಟ್ಟಲು ಬಿಡಬೇಕು. ಎಲೆಯಾದರೆ ಪತ್ರಹರಿತ್ತಿನ ಕಾಟ ಬೇರೆ. ಆಮ್ಲದಲ್ಲಿ ಕುದಿಸಿದರೆ ಅಂಟಿಕೊಂಡ ಸಕ್ಕರೆ ಕಳಚುತ್ತದೆ. ಉಳಿದ ಅಣುವನ್ನು ಕ್ಷಾರದಿಂದ ಒಡೆದು, ತುಂಡುಗಳನ್ನು ಗುರುತಿಸಿ, ಕೊನೆಗೆ ಅದನ್ನೇ ಕೃತಕವಾಗಿ ಕಟ್ಟಿ ತಾಳೆ ನೋಡುವುದು. ಕರಗುವ ಬಿಂದು ಹೊಂದಿದರೆ ಗೆದ್ದಂತೆ. ಪುಂಡಿ ಹೂವಿನ ಹಿಬಿಸೆಟಿನ್ ಹೀಗೆ ಪತ್ತೆಯಾದದ್ದು. ಅದರ ವರದಿ ಅಚ್ಚಾದದ್ದು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ.

ಕಾಲವೇನೂ ಶಾಂತವಾಗಿರಲಿಲ್ಲ. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ಊರಿನ ಮೇಲೆ ಬಾಂಬು ಹಾಕಿದವು. ವಿಶ್ವವಿದ್ಯಾಲಯ ಗುಂಟೂರಿಗೆ ಗುಳೆ ಹೋಯಿತು. ಸಂಶೋಧನೆ ಅಲ್ಲಿಯೂ ನಡೆಯಿತು.

ಇಷ್ಟು ಹೇಳಲು ಕಾರಣವುಂಟು. ಇಂದು ಕಾಲೇಜಿನ ಹುಡುಗರು ಎಲೆಯ ಸಾರಕ್ಕೆ ಮೆಗ್ನೀಸಿಯಂ ಚೂರು, ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಾರೆ; ಕೆಂಪಾದೊಡನೆ 'ಫ್ಲೇವನಾಯ್ಡ್ ಇದೆ' ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ತಿಳಿದದ್ದು ಮನೆತನದ ಹೆಸರು ಮಾತ್ರ; ಆ ಮನೆತನದಲ್ಲಿ ಸಾವಿರಾರು ಮಂದಿ! ಆಸಾಮಿ ಯಾರೆಂದು ಹೇಳಲು ಈಗ ಕ್ರೊಮ್ಯಾಟೊಗ್ರಫಿಯಿದೆ, ಕೆಲವೇ ಮಿಲಿಗ್ರಾಂನಲ್ಲಿ ಅಣುವಿನ ರಚನೆ ತೋರಿಸುವ ಎನ್.ಎಂ.ಆರ್. ಇದೆ. ಅವನಿಂದ ರೋಗ ವಾಸಿಯಾದೀತೇ ಎಂಬುದಕ್ಕೆ ಪರೀಕ್ಷೆಯೇ ಬೇರೆ.

ಶೇಷಾದ್ರಿ 1949ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಹೊರಟರು. ವಿಶಾಖಪಟ್ಟಣದ ಸಂತೆಗಳಿಗೆ ಗೋಂಗೂರದ ಕಟ್ಟುಗಳು ಬರುತ್ತಲೇ ಇವೆ, ಹೂವಿಲ್ಲದೆ. ಹೂ ಬಿಡುವ ಮೊದಲೇ ಸೊಪ್ಪು ಕೊಯ್ಯಬೇಕಲ್ಲ.